ಸಾಕು ಎಂದ ಮೇಲೆ

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬೈಲಹೊಂಗಲದ ಜಪಾನಿ ಭಾಷಾ ತರಗತಿಯಲ್ಲಿ ನನ್ನಿಂದ ನಡೆದ ಕೃತ್ಯವನ್ನು ಈ ಕೆಳಗೆ ಸಾದರಪಡಿಸುತ್ತಿದ್ದೇನೆ. ರಜೆಯ ಅರ್ಜಿಗಳನ್ನಲ್ಲದೆ ಬೇರೇನನ್ನೂ ಬರೆದ ಅನುಭವ ನನಗಿಲ್ಲವಾದ್ದರಿಂದ ಬರವಣಿಗೆಯ ಲೋಪಗಳನ್ನು ಮನ್ನಿಸಬೇಕು. ಕೃತ್ಯವನ್ನು ಮನ್ನಿಸಬೇಕೆಂಬ ಕೋರಿಕೆ ಇರುವುದಿಲ್ಲ.

ಸದರಿ ತರಗತಿಯು ಔಷಧ ಅಂಗಡಿಯೊಂದರ ಮಹಡಿಯ ಮೇಲೆ ನಡೆಯುತ್ತಿತ್ತು. ನರ್ಸಿಂಗ್ ಮುಗಿಸಿದ ನಾವು ಒಂಬತ್ತು ಮಂದಿ, ಜಪಾನಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕಾಗಿ ಅಲ್ಲಿ ಕಲಿಯುತ್ತಿದ್ದೆವು. ನಾನು ಕಿತ್ತೂರಿನಿಂದ ಬರುತ್ತಿದ್ದೆನು. ನನಗಿಂತ ಎರಡು ವರ್ಷ ಚಿಕ್ಕವಳಾದ ಗೆಳತಿ ಸವದತ್ತಿಯಿಂದ, ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ಮೊದಲ ತಂಡಕ್ಕೆ ನಮ್ಮ ತರಗತಿಯಿಂದ ಒಬ್ಬರನ್ನು ಮಾತ್ರ ಆರಿಸುವುದಾಗಿ ತಿಳಿಸಲಾಗಿತ್ತು. ಅಂಕಗಳಲ್ಲಿ ಅವಳು ಮೊದಲನೆಯವಳು, ನಾನು ಎರಡನೆಯವಳು.

ಮಿತಿ ಮತ್ತು ಅತಿಯನ್ನು ಹೇಳುವ ಪಾಠದ ದಿನ ಅವಳು ಜ್ವರದಿಂದ ಗೈರುಹಾಜರಾಗಿದ್ದಳು. ‘ದಕೆ’ ಎಂದರೆ ಇಷ್ಟೇ, ಇದು ಮಾತ್ರ. ‘ಸುಗಿರು’ ಎಂದರೆ ಮಿತಿ ಮೀರಿತು. ಇಷ್ಟನ್ನು ಹಲಗೆಯ ಮೇಲೆ ಬರೆದ ಸರ್, ಸೀಮೆಸುಣ್ಣ ಕೆಳಗಿಟ್ಟು ಕೇಳಿದರು:

“ಬೀಗರು ಊಟಕ್ಕ ಕುಂತು ಸಾಕು ಅಂದ್ರ ಏನ ಮಾಡ್ತೀರಿ?”

“ಇನ್ನೊಂದ ಹಾಕ್ತೇವ್ರಿ ಸರ್.”

“ತಾಟಿಗೆ ಕೈ ಅಡ್ಡ ಹಿಡದ್ರ?”

“ಕೈ ಸರಿಸಿ ಹಾಕ್ತೇವ್ರಿ.”

“ಅಲ್ಲೇ ನೀವು ಸಾಯೂದು! ಆ ಮುದುಕರಿಗೆ ನುಂಗಾಕ ಆಗಂಗಿಲ್ಲ. ಸಾಕು ಅಂದಮ್ಯಾಲ ಒಂದ ಚಮಚಾ ಹಾಕಿದ್ರೂ ಉಸಿರ ಕಟ್ಟಿ ಹೋಗ್ತಾರ. ಪರೀಕ್ಷಾದಾಗ ಇದನ್ನ ನೋಡ್ತಾರ.”

ಮಾರನೆಯ ದಿನ ಗೆಳತಿ ನನ್ನ ನೋಟ್‌ಬುಕ್ಕನ್ನು ನಕಲು ಮಾಡಿಕೊಂಡಳು. ಸರ್ ಬಾಯಿಮಾತಿನಲ್ಲಿ ಹೇಳಿದ್ದು ಅದರಲ್ಲಿರಲಿಲ್ಲ.

“ಅಕ್ಕಾ, ಉಣಿಸೂ ಪರೀಕ್ಷಾದಾಗ ಅವರು ಸಾಕು ಅಂದ್ರ ಬಿಟ್ಟಬಿಡೂದೋ, ಇನ್ನೊಮ್ಮೆ ಹಾಕೂದೋ?” ಎಂದು ಅವಳಾಗಿಯೇ ಕೇಳಿದಳು.

“ಒಮ್ಮೆ ಅಂದಕೂಡ್ಲೇ ಬಿಟ್ಟರ ಜಿಪುಣಿ ಅನ್ನೂದಿಲ್ಲೇನ? ಪ್ರೀತಿಲೇ ಒತ್ತಾಯ ಮಾಡವಾ” ಎಂದು ನಾನು ಉತ್ತರಿಸಿದೆನು.

ಸದರಿ ಉತ್ತರವು ಬಾಯಿತಪ್ಪಿ ಬಂದದ್ದಲ್ಲವೆಂದು ದೃಢೀಕರಿಸುತ್ತೇನೆ.

ಪರೀಕ್ಷೆಯ ದಿನ ಪರೀಕ್ಷಕಿಯು ಮುದುಕಿಯಂತೆ ಕುರ್ಚಿಯಲ್ಲಿ ಒರಗಿ ಕುಳಿತರು. ಗೆಳತಿ ಗಂಜಿ ಉಣಿಸಿದಳು. ಅವರು ಜಪಾನಿಯಲ್ಲಿ ಸಾಕು ಎಂದರು, ಕೈ ಅಡ್ಡ ತಂದರು. ಅವಳು ನಗುತ್ತಾ ಆ ಕೈಯನ್ನು ಮೆಲ್ಲಗೆ ಸರಿಸಿ, ಇನ್ನೊಂದು ತುಂಬು ಚಮಚ ಬಾಯಿಗಿಟ್ಟಳು. ಪರೀಕ್ಷಕಿ ಕೆಮ್ಮಿ, ಬಾಯಿ ಒರೆಸಿಕೊಂಡು, ಅವಳ ಹಾಳೆಯ ಮೇಲೆ ಅಡ್ಡಗೆರೆ ಎಳೆದರು.

“ಬೀಗರೂಟಕ್ಕ ಬಂದೀಯೇನವಾ? ಮುದುಕಿನ್ನ ಕೊಂದಬಿಟ್ಟಿ!” ಎಂದು ಸರ್ ಚಪ್ಪಾಳೆ ತಟ್ಟಿದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆನು. ಆ ನಗುವಿನ ನಡುವೆ ಅವಳು ನನ್ನೊಬ್ಬಳನ್ನೇ ನೋಡಿದಳು. ನನ್ನ ಹೆಸರನ್ನು ಮಾತ್ರ ಹೇಳಲಿಲ್ಲ.

ನನ್ನ ಸರದಿ ಬಂದಾಗ, ಮೊದಲ ‘ಸಾಕು’ಗೇ ಚಮಚ ಕೆಳಗಿಟ್ಟು ತಲೆಬಾಗಿದೆನು. ಆಯ್ಕೆಯಾದೆನು.

ಹೊರಡುವ ಮುನ್ನ ಅವಳ ತಾಯಿ ಊಟಕ್ಕೆ ಕರೆಸಿದರು. ಬೆಳಿಗ್ಗೆಯಿಂದ ಏನನ್ನೂ ತಿನ್ನದೆ ಸವದತ್ತಿ ತಲುಪಿದ್ದೆನು. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು, ಗೆಳತಿ ಬಡಿಸುತ್ತಿದ್ದಳು. ಒಂದು ರೊಟ್ಟಿ ಮುಗಿಯಿತು. ಅವಳು ಎರಡನೆಯದನ್ನು ತಂದಾಗ, ರೂಢಿಯಂತೆ ತಾಟಿಗೆ ಕೈ ಅಡ್ಡ ಹಿಡಿದು “ಸಾಕ ಬಿಡವಾ” ಎಂದೆನು.

ಅವಳು ರೊಟ್ಟಿಯನ್ನು ಬುಟ್ಟಿಗೆ ಹಾಕಿ ಅರಿವೆ ಮುಚ್ಚಿದಳು.

“ಏ, ಹಾಕ ಅಕಿಗೆ! ಒಂದ ರೊಟ್ಟಿಗೇ ಎಬ್ಬಸ್ತೀಯೇನ?” ಎಂದು ತಾಯಿ ಗದರಿದರು.

“ಅಕ್ಕಾರು ಸಾಕಂದಾರಬೇ. ಅಂದಮ್ಯಾಲ ಒತ್ತಾಯ ಮಾಡಬಾರದಂತ. ಅದರಾಗ ಅವರು ಪಾಸಾಗ್ಯಾರ.”

ಅದುವರೆಗೆ ಅವಳು ನನ್ನನ್ನು ಬರೀ ಅಕ್ಕಾ ಎನ್ನುತ್ತಿದ್ದಳು. ಹಂಚಿನ ಮೇಲೆ ಇನ್ನೊಂದು ರೊಟ್ಟಿ ಉಬ್ಬುತ್ತಿತ್ತು. ತಾಟಿಗೆ ಅಡ್ಡ ಹಿಡಿದಿದ್ದ ಕೈಯನ್ನು ಯಾರೂ ಸರಿಸದ ಕಾರಣ, ಸ್ವಲ್ಪ ಹೊತ್ತಿನ ನಂತರ ನಾನೇ ಹಿಂದಕ್ಕೆ ತೆಗೆದುಕೊಂಡೆನು.