ಹತ್ತಿ ಮಿಲ್ಲಿನ ಗೇಟು ಮತ್ತು ಈರಣ್ಣನ ಅಂಕ

ಗೆಳೆಯರೇ, ಜೀವನವಿಡೀ ಧಿಕ್ಕಾರ ಬರೆದ ಈ ಕೈ ಇವತ್ತು ಒಬ್ಬನಿಗೆ ಅನುಭವ ಪತ್ರ ಬರೆಯಿತು.

ಹಿರೇಕೆರೂರಿನ ವೆಲ್ಡರ್ ಈರಣ್ಣ ಬೆಳಿಗ್ಗೆ ಮನೆಗೆ ಬಂದಿದ್ದ. ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುತ್ತಿದ್ದಾನೆ. ಅಲ್ಲಿ ವಯಸ್ಸಿಗೆ, ಇಂಗ್ಲಿಷಿಗೆ, ಅನುಭವಕ್ಕೆ ಬೇರೆ ಬೇರೆ ಅಂಕ. ಮುಂದಿನ ತಿಂಗಳು ನಲವತ್ತು ತುಂಬಿದರೆ ವಯಸ್ಸಿನ ಅಂಕ ಇಳಿಯುತ್ತದೆ. ಅನುಭವ ಬೇಕಾದಷ್ಟಿದೆ, ಆದರೆ ಇಪ್ಪತ್ತು ವರ್ಷ ದುಡಿಸಿಕೊಂಡ ವರ್ಕ್‌ಶಾಪ್ ಮಾಲೀಕ ಒಂದು ಚೀಟಿಯನ್ನೂ ಕೊಡದೆ ತೀರಿಕೊಂಡ.

“ಕಾಕಾ, ನೀವ ಬರದು ಕೊಡ್ರಿ.”

“ನಾ ಯಾವಾಗ ನಿನ್ನ ಮಾಲಕ ಆಗಿದ್ದೆನೋ?”

“ಹತ್ತಿ ಮಿಲ್ಲಿನ ಗೇಟ್ ಮಾಡಿದಾಂವ ನಾನರೀ. ಕೂಲಿ ಹೆಚ್ಚ ಮಾಡ್ರಿ ಅಂತ ನೀವು ಐವತ್ತು ಮಂದಿ ಹಿಡದು ಜಗ್ಗಿದ್ರಿ. ಒಂದಾರ ಜಾಯಿಂಟ್ ಬಿಟ್ಟಿತೇನ್ರಿ?”

ಬಿಟ್ಟಿರಲಿಲ್ಲ. ಆ ಬಿಸಿಲು, ಗಂಟಲು ಹರಿಯುವ ಕೂಗು, ಒಂದೇ ಕೊಡದಿಂದ ಎಲ್ಲ ಜಾತಿಯವರೂ ಕುಡಿದ ನೀರು ಕಣ್ಣಿಗೆ ಕಟ್ಟಿದವು. ಅಂದು ಜೊತೆಗಿದ್ದವರಲ್ಲಿ ಅರ್ಧ ಜನ ಈಗಿಲ್ಲ. ಮಿಲ್ಲೂ ಮುಚ್ಚಿದೆ. ಗೇಟು ಮಾತ್ರ ನಿಂತಿದೆ.

“ಈತ ಮಾಡಿದ ಗೇಟನ್ನು ಐವತ್ತು ಜನ ಮುರಿಯಲು ನೋಡಿದೆವು, ಆಗಲಿಲ್ಲ” ಎಂದು ಬರೆದು ಸಹಿ ಹಾಕಿದೆ.

“ಇದಕ್ಕ ಅಂಕ ಕೊಡ್ತಾರೇನ್ರಿ?”

“ಕೊಡದಿದ್ರ ಅವರ ಆಫೀಸಿನ ಗೇಟಿಗೆ ಹೋಗೋಣು. ಅದು ನೀ ಮಾಡಿದ್ದಲ್ಲಲ್ಲ, ಮುರದೀತು.”