ಕೊನೇ ಸಾಲಿನ ಇನಾಯತ್ ಸಾಬ್ರು

ವೇದಿಕೆಯ ಮೇಲೆ ಯಾರಾದರೂ ಮಾತಿಗೆ ನಿಂತರೆ ಸಾಕು, ಇನಾಯತ್ ಸಾಬ್ರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಕೊನೇ ಸಾಲಿನ ಹಿಂದೆ ಅವರ ಮೇಜು, ಮೇಜಿನ ಮೇಲೆ ಆಂಪ್ಲಿಫೈಯರ್, ಅದರ ತಿರುಪಿನ ಮೇಲೆ ಎರಡು ಬೆರಳು. ಕಣ್ಣು ಮಾತ್ರ ಗೋಡೆಯ ಮೇಲೆ. ಮೊದಲ ಸಲ ನೋಡಿದಾಗ ನನಗೆ ಮೈ ಉರಿದುಹೋಗಿತ್ತು. ಮೈಕಿನವನಿಗೂ ಬೇಡವಾದ ಪುಸ್ತಕವನ್ನು ಯಾಕಾದರೂ ಬರೆದೆನೋ ಅನ್ನಿಸಿತ್ತು. ಕಾರಣ ಆಮೇಲೆ ತಿಳಿಯಿತು. ಚನ್ನಪಟ್ಟಣದಲ್ಲಿ ಇಪ್ಪತ್ತು ವರ್ಷ ಗೊಂಬೆ ಕಡೆಯುವ ಮೆಷಿನ್ನಿನ ಮುಂದೆ ಕೂತು ಅವರ ಎಡಗಿವಿ ಹೋಗಿತ್ತು. ಬಲಗಿವಿಯನ್ನು ವೇದಿಕೆಗೆ ಕೊಡಬೇಕಾದರೆ ಮುಖ ಗೋಡೆಗೆ ಹೋಗಲೇಬೇಕು. ಆ ಸಭೆಯಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿದವರು ಬಹುಶಃ ಅವರೊಬ್ಬರೇ.

ನಾನು ಪ್ರೈಮರಿ ಶಾಲೆಯ ಟೀಚರು. ಬರೆದದ್ದು ಒಂದೇ ಪುಸ್ತಕ, ಅದೂ ಐವತ್ತು ದಾಟಿದ ಮೇಲೆ. ನನ್ನನ್ನು ಎತ್ತಿ ಆಡಿಸಿ, ಜಡೆ ಹಾಕಿ, ಓದಿಸಿ ದೊಡ್ಡವಳನ್ನು ಮಾಡಿದ ನನ್ನ ಅಕ್ಕನ ಮೇಲೆ ಬರೆದದ್ದು. ಅಕ್ಕ ತೀರಿಕೊಂಡ ಮೇಲೆ ಬೇರೆ ಏನು ಮಾಡಬೇಕೋ ತಿಳಿಯದೆ ಬರೆದೆ. ರಾಮನಗರದ ಓದುಗರ ಬಳಗವೊಂದು ಅದನ್ನು ಮೆಚ್ಚಿಕೊಂಡು, ನಾಲ್ಕೂ ತಾಲ್ಲೂಕಿನಲ್ಲಿ ಲೇಖಕಿಯನ್ನು ಓದುಗರ ಮುಂದೆ ಕೂರಿಸುತ್ತೇವೆ ಎಂದು ಹೊರಟಿತು. ಮಾಗಡಿಯ ಲೈಬ್ರರಿ, ಕನಕಪುರದ ಕಾಲೇಜು, ಉಯ್ಯಂಬಳ್ಳಿಯ ಹೈಸ್ಕೂಲು, ಹೀಗೆ ತಿಂಗಳಿಗೆ ಎರಡು ಮೂರು ಭಾನುವಾರ. ಮೈಕ್ ಸೆಟ್ಟು ಇನಾಯತ್ ಸಾಬ್ರದ್ದು, ಆಟೋ ಅವರದ್ದೇ. ಹಿಂದಿನ ಸೀಟಿನಲ್ಲಿ ಎರಡು ಸೌಂಡ್ ಬಾಕ್ಸು, ಅವುಗಳ ನಡುವೆ ಪುಸ್ತಕದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನು. ನನ್ನ ಸಾಹಿತ್ಯಯಾತ್ರೆ ನಡೆದದ್ದು ಹೀಗೆ.

ಅವರು ಮೈಕ್ ಪರೀಕ್ಷೆ ಮಾಡುವ ಕ್ರಮವೇ ಬೇರೆ. 'ಹಲೋ ಹಲೋ' ಅನ್ನುವುದಿಲ್ಲ, ಊದುವುದಿಲ್ಲ, ಬೆರಳಲ್ಲಿ ತಟ್ಟುವುದಂತೂ ಅವರಿಗೆ ಮಹಾಪರಾಧ. ಖಾಲಿ ಸಭಾಂಗಣದ ಕಟ್ಟಕಡೆಯ ಕುರ್ಚಿಯಲ್ಲಿ ಹೋಗಿ ಕೂತು, ಗೋಡೆ ನೋಡುತ್ತ ಕೂಗುತ್ತಿದ್ದರು: "ಮೇಡಂ, ಬೆಳಿಗ್ಗೆ ಏನ್ ತಿಂದ್ರಿ, ಮೈಕಲ್ಲಿ ಹೇಳಿ."

"ಉಪ್ಪಿಟ್ಟು."

"ಬರೀ ಉಪ್ಪಿಟ್ಟಾ?"

"ಅವರೆಕಾಳು ಹಾಕಿದ್ದೆ. ಉಪ್ಪು ಒಂದು ಚೂರು ಜಾಸ್ತಿಯಾಗಿತ್ತು."

"ಹಾಂ, ಇದು ನಿಮ್ ಗಂಟ್ಲು. ಇದನ್ನೇ ಇಟ್ಕೊಳಿ."

ಹಾಗೆ ಅಂದು ತಿರುಪನ್ನು ಒಸಿ ಆ ಕಡೆ ಒಸಿ ಈ ಕಡೆ ಮಾಡಿ ಬಿಟ್ಟರೆ ಮುಗಿಯಿತು. ಜನ ಬಂದು ಕೂತರೆ ಮನುಷ್ಯರ ಗಂಟಲು ಬದಲಾಗುತ್ತದೆ, ಬೆಳಿಗ್ಗೆ ತಿಂದದ್ದನ್ನು ಹೇಳುವಾಗ ಮಾತ್ರ ಯಾರೂ ಗಂಟಲು ಬದಲಿಸುವುದಿಲ್ಲ ಎಂಬುದು ಅವರ ಸಿದ್ಧಾಂತ. "ತಿಂದಿದ್ದಕ್ಕೆ ಯಾರೂ ಬಣ್ಣ ಹಚ್ಚಾಕಿಲ್ಲ ಮೇಡಂ," ಅನ್ನುತ್ತಿದ್ದರು. ಬೆಂಗಳೂರಿನಿಂದ ಬಂದಿದ್ದ ಹಿರಿಯ ಸಾಹಿತಿಯೊಬ್ಬರನ್ನೂ ಬಿಡಲಿಲ್ಲ. ಆ ಪುಣ್ಯಾತ್ಮರು ವೇದಿಕೆಯ ಮೇಲೆ ನೆಟ್ಟಗೆ ನಿಂತು, ತಾವು ಪ್ರಾತಃಕಾಲದಲ್ಲಿ ಕೇವಲ ಓಟ್ಸ್ ಗಂಜಿಯನ್ನು ಸೇವಿಸುವುದಾಗಿ ಘೋಷಿಸಿದರು. ಸಾಬ್ರು ಪಕ್ಕದ ಕುರ್ಚಿಯಲ್ಲಿದ್ದ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: "ಇವ್ರಿಗೆ ಗಂಜಿಗೂ ಅದೇ ಗಂಟ್ಲು, ಭಾಷ್ಣಕ್ಕೂ ಅದೇ ಗಂಟ್ಲು. ಏನೂ ಮಾಡಾಕಾಗಲ್ಲ, ಬುಟ್ಬುಡಿ."

ಪುಸ್ತಕವನ್ನು ಅವರು ಓದಲಿಲ್ಲ. ರುಜು ಹಾಕಿ ಒಂದು ಪ್ರತಿ ಕೊಟ್ಟಿದ್ದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ವೈರುಗಳ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಓದಿದಿರಾ ಎಂದು ಕೇಳಿದರೆ, "ಇಷ್ಟ್ ಸಲ ಕೇಳ್ಬುಟ್ಟೀನಿ, ಇನ್ನೇನ್ ಓದ್ಲಿ," ಅಂದರು.

ಅವರು ಕೇಳುತ್ತಿದ್ದದ್ದು ಒಂದೇ ಪುಟವನ್ನು. ಎಲ್ಲಿ ಹೋದರೂ ಜನ ಆ ಪುಟವನ್ನೇ ಓದಿಸುತ್ತಿದ್ದರು. ಆಸ್ಪತ್ರೆಯ ವಾರ್ಡಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಅಕ್ಕನನ್ನು ಸೇರಿಸಿದ ದಿನ ಅವಳ ಚಪ್ಪಲಿಯೂ ಅಲ್ಲೇ ಉಳಿಯಿತು. ಮೂರನೆಯ ದಿನ ಅಕ್ಕ ಕಣ್ಣು ಬಿಟ್ಟು, "ನನ್ ಚಪ್ಲಿ ಒಳಿಕ್ಕೆ ತಂದಿಡವ್ವ, ಯಾರಾದ್ರೂ ಹಾಕ್ಕೊಂಡ್ ಹೋಗ್ಬುಡ್ತಾರೆ," ಅಂದಳು. "ಆ ಹಳೇ ಚಪ್ಪಲೀನ ಯಾರು ಮುಟ್ಟುತ್ತಾರಕ್ಕ, ಸುಮ್ಮನೆ ಮಲಕ್ಕೋ," ಅಂದೆ. ಅದಾದ ಮೇಲೆ ಅವಳು ಮಾತಾಡಲಿಲ್ಲ. ಆ ಪುಟದಲ್ಲಿ ಇರುವುದು ಇಷ್ಟೇ.

ಮೊದಲ ಸಲ ಅದನ್ನು ಮಾಗಡಿಯಲ್ಲಿ ಓದಿದಾಗ ಅರ್ಧಕ್ಕೆ ನಿಂತುಬಿಟ್ಟಿದ್ದೆ. ಲೈಬ್ರರಿಯನ್ನರು ಎದ್ದು ಬಂದು ನೀರು ಕೊಟ್ಟರು. ಎರಡನೆಯ ಸಲ ನಿಲ್ಲಲಿಲ್ಲ, ನೀರಿನ ಲೋಟ ಮಾತ್ರ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಐದನೆಯದೋ ಆರನೆಯದೋ ಸಲಕ್ಕೆ, ಎಲ್ಲಿ ನಿಂತರೆ ಮುಂದಿನ ಸಾಲಿನ ಹೆಂಗಸರು ಸೆರಗಿಗೆ ಕೈ ಹಾಕುತ್ತಾರೆ ಎಂಬುದು ನನಗೆ ಗೊತ್ತಾಗಿತ್ತು. 'ಸುಮ್ಮನೆ ಮಲಕ್ಕೋ ಅಂದೆ' ಎಂಬಲ್ಲಿ ನಿಲ್ಲಿಸಿ, ಮನಸ್ಸಿನಲ್ಲೇ ಮೂರು ಎಣಿಸಿ, ಪುಟ ತಿರುಗಿಸುತ್ತಿದ್ದೆ. ಜನ ಅಳುತ್ತಿದ್ದರು. ನನಗೆ ಏನೂ ಆಗುತ್ತಿರಲಿಲ್ಲ. ಆಗುತ್ತಿಲ್ಲವಲ್ಲ ಎಂಬ ಗಾಬರಿಯೂ ಆಗುತ್ತಿರಲಿಲ್ಲ. ಮೂರು ಎಣಿಸುವಾಗ ಎದುರಿಗಿರುವ ಫ್ಯಾನಿಗೆ ಎಷ್ಟು ರೆಕ್ಕೆ ಎಂದು ನೋಡುತ್ತಿದ್ದೆ.

ಹೀಗಿರುವಾಗ ಮರಳವಾಡಿಯಲ್ಲಿ ಕಾರ್ಯಕ್ರಮ ಗೊತ್ತಾಯಿತು. ಅದು ಅಕ್ಕ ಮದುವೆಯಾಗಿ ಬದುಕಿದ ಊರು. ಬಂದಿದ್ದವರಲ್ಲಿ ಅರ್ಧ ಜನ ಅವಳ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ದವರು. ಇಲ್ಲಾದರೂ ನನ್ನೊಳಗೆ ಏನಾದರೂ ಅಲುಗಾಡೀತು ಎಂದು ಆಸೆಯಿಟ್ಟುಕೊಂಡೇ ಹೋಗಿದ್ದೆ. ಓದಿದೆ, ನಿಂತೆ, ಮೂರು ಎಣಿಸಿದೆ, ಪುಟ ತಿರುಗಿಸಿದೆ. ಅಲ್ಲೂ ಅತ್ತರು. ಮುಂದಿನ ಸಾಲಿನಲ್ಲಿದ್ದ ಪುಟ್ಟಮ್ಮ ಎಂಬ ಅಜ್ಜಿ ಮಾತ್ರ ಅಳಲಿಲ್ಲ. ಅಕ್ಕನ ಪಕ್ಕದ ಮನೆಯವರು. ಪ್ರಶ್ನೆ ಕೇಳಬಹುದು ಎಂದು ಬಳಗದ ಕಾರ್ಯದರ್ಶಿ ಹೇಳಿದ್ದೇ ತಡ, ಕೂತಲ್ಲಿಂದಲೇ ಕೇಳಿದರು.

"ಆಮ್ಯಾಕೆ ಅವ್ಳ್ ಚಪ್ಲಿ ಏನ್ ಮಾಡ್ದವ್ವ?"

ಅಷ್ಟು ಊರಿನಲ್ಲಿ ಅಷ್ಟು ಜನ ಕೇಳಿದ್ದರು. ಬರೆಯಲು ಪ್ರೇರಣೆ ಏನು, ಮುಂದಿನ ಕೃತಿ ಯಾವುದು ಎಂದಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಜೋಪಾನವಾಗಿ ಇಟ್ಟುಕೊಂಡಿದ್ದೀನಿ ಅಜ್ಜಿ. ದಿನಾ ನೋಡ್ತೀನಿ," ಅಂದೆ. ಚಪ್ಪಾಳೆ ಬಿತ್ತು. ಪುಟ್ಟಮ್ಮ ತಲೆಯಾಡಿಸಿದರು.

ವಾಪಸು ಬರುವಾಗ ಹಾರೋಹಳ್ಳಿ ದಾಟಿದೆವು. ಸಾಬ್ರು ಒಂದು ಟೀ ಅಂಗಡಿಯ ಮುಂದೆ ಆಟೋ ನಿಲ್ಲಿಸಿ, ಬಲಗಿವಿ ನನ್ನ ಕಡೆಗೆ ಬರುವಂತೆ ಕೂತು, ರಸ್ತೆ ನೋಡುತ್ತ ಹೇಳಿದರು:

"ಮೇಡಂ, ಒಂದ್ ಮಾತು. ಬ್ಯಾಸ್ರ ಮಾಡ್ಕೋಬಾರ್ದು."

"ಹೇಳಿ ಸಾಬ್ರೇ."

"ಆ ಚಪ್ಲಿ ಪುಟ ಬಂದಾಗ ನಾನು ಒಸಿ ಎಕೋ ಕೊಡ್ತಿದ್ದೆ. ನಾಟ್ಕದಲ್ಲಿ ಅಳೋ ಸೀನಿಗೆ ಕೊಡ್ತೀವಲ್ಲ, ಹಂಗೆ. ನಿಮಗೂ ಹೇಳಿರ್ನಿಲ್ಲ. ಮೊದ್ಲು ಮೊದ್ಲು ನೀವು ಎಲ್ಲಿ ನಿಲ್ತೀರ ಅಂತ್ಲೇ ಗೊತ್ತಾಗ್ತಿರ್ನಿಲ್ಲ, ತಿರುಪು ಹಿಡ್ಕೊಂಡು ಕಾಯ್ತಾ ಕೂತಿರ್ತಿದ್ದೆ. ಈಗ ಕಾಯೋದೇ ಬ್ಯಾಡ. ನನ್ ಕೈ ತಾನೇ ಹೋಯ್ತದೆ." ಟೀ ಒಂದು ಗುಟುಕು ಕುಡಿದರು. "ಇವತ್ತು ಕೊಡ್ಲಿಲ್ಲ. ಅಲ್ಲಿ ಬ್ಯಾಡ ಅನ್ನುಸ್ತು."

ಜನ ಅಳುತ್ತಿದ್ದದ್ದು ಅಕ್ಕನಿಗೋ ಎಕೋಗೋ ಎಂದು ಕೇಳಿಕೊಂಡೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಇನ್ನೊಂದು," ಅಂದರು. "ಆ ಅಜ್ಜಿಗೆ ನೀವು ಹೇಳಿದ್ದು ಉಪ್ಪಿಟ್ಟಿನ ಗಂಟ್ಲು ಅಲ್ಲ."

ಇಷ್ಟು ಊರು ಸುತ್ತಿದ ಮೇಲೆ ಅವರ ಹತ್ತಿರ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಅಲ್ಲೇ ಬಿಟ್ಟುಬಂದೆ ಸಾಬ್ರೇ," ಅಂದೆ. "ವಾರ್ಡಿನ ಬಾಗಿಲಲ್ಲೇ. ಆಂಬುಲೆನ್ಸು, ಕಾಗದ ಪತ್ರ ಅಂತ ಓಡಾಡೋದರಲ್ಲಿ ಮರೆತೇ ಹೋಯಿತು. ಪುಸ್ತಕ ಬರೆಯುವಾಗಲೂ ಹೊಳೆಯಲಿಲ್ಲ. ಯಾರು ಹಾಕಿಕೊಂಡು ಹೋದರೋ, ಕಸಕ್ಕೆ ಗುಡಿಸಿದರೋ."

ಅವರು ಹೂಂ ಅಂದು ಟೀ ಲೋಟ ಕೊಟ್ಟು ಬಂದು ಆಟೋ ಎತ್ತಿದರು. ರಾಮನಗರ ಬರುವವರೆಗೂ ಸೌಂಡ್ ಬಾಕ್ಸಿನ ಮೂಲೆ ನನ್ನ ಪಕ್ಕೆಗೆ ಒತ್ತುತ್ತಿತ್ತು. ಸರಿಸಿಕೊಳ್ಳಬೇಕು ಅನ್ನಿಸಲಿಲ್ಲ.

ಮುಂದಿನ ಕಾರ್ಯಕ್ರಮ ಬೈರಮಂಗಲದಲ್ಲಿತ್ತು. ವೇದಿಕೆಯಲ್ಲಿ ದೀಪ ಹಚ್ಚುವುದಿರುತ್ತದೆ, ಹಾಗಾಗಿ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತುವುದು ಎಲ್ಲ ಕಡೆಯೂ ರೂಢಿ. ಮಾತು ಮುಗಿಸಿ ಇಳಿದರೆ ಅಧ್ಯಕ್ಷರ ಚಪ್ಪಲಿ ಇದೆ, ನಿರೂಪಕಿಯ ಚಪ್ಪಲಿ ಇದೆ, ನನ್ನದು ಇಲ್ಲ. ಹುಡುಕುತ್ತ ನಿಂತಿದ್ದಾಗ ಸಾಬ್ರು ಕೊನೇ ಸಾಲಿನಿಂದ ಕೈ ಬೀಸಿದರು. ನನ್ನ ಚಪ್ಪಲಿ ಅವರ ಮೇಜಿನ ಕೆಳಗೆ, ವೈರುಗಳ ಪೆಟ್ಟಿಗೆಯ ಪಕ್ಕ, ಜೋಡಿಯಾಗಿ ಇತ್ತು.

"ಇದೇನು ಸಾಬ್ರೇ ಇಲ್ಲಿಗೆ ತಂದಿದ್ದೀರ?"

"ಯಾರಾದ್ರೂ ಹಾಕ್ಕೊಂಡ್ ಹೋಗ್ಬುಡ್ತಾರೆ ಮೇಡಂ."

"ಈ ಸವೆದ ಚಪ್ಪಲೀನ? ಕಳ್ಳರಿಗೂ ಮರ್ಯಾದೆ ಬೇಡವಾ?" ಎಂದು ರೇಗಿಸಿದೆ. ಅವರು ನಗಲಿಲ್ಲ. ಅವತ್ತಿನಿಂದ ಎಲ್ಲಿ ಹೋದರೂ ಅದೇ ನಡೆಯಿತು. ನಾನು ಮೆಟ್ಟಿಲು ಹತ್ತುವುದಕ್ಕೂ ಅವರು ಬಗ್ಗಿಕೊಂಡು ಬಂದು ಚಪ್ಪಲಿ ಎತ್ತಿಕೊಂಡು ಹೋಗುವುದಕ್ಕೂ ಸರಿಹೋಗುತ್ತಿತ್ತು. ಟೀಚರಮ್ಮನ ಚಪ್ಪಲಿಗೆ ಸೆಕ್ಯುರಿಟಿ ಇದೆ ಎಂದು ಬಳಗದವರು ನಕ್ಕರು, ನಾನೂ ನಕ್ಕೆ. ಇಳಿದು ನೇರ ಕೊನೇ ಸಾಲಿಗೆ ನಡೆಯುವುದು ಕಾಲಿಗೆ ಅಭ್ಯಾಸವಾಯಿತು. ಎಕೋ ಕೊಡುವುದನ್ನು ಅವರು ಬಿಟ್ಟರು. ಮೂರು ಎಣಿಸುವುದನ್ನು ನಾನು ಬಿಡಲಿಲ್ಲ. ಬಿಟ್ಟರೆ ಅಲ್ಲಿ ಏನು ಮಾಡಬೇಕು ಎಂಬುದು ನನಗೆ ತಿಳಿಯುತ್ತಿರಲಿಲ್ಲ.

ಕೊನೆಯ ಸಲ ನಾವು ಹೋದದ್ದು ಕನಕಪುರಕ್ಕೆ. ಮೈಕ್ ಪರೀಕ್ಷೆಯಲ್ಲಿ ತಟ್ಟೆ ಇಡ್ಲಿ ಅಂದೆ. "ಗಂಟ್ಲು ಒಸಿ ಒಣಗೈತೆ, ನೀರ್ ಕುಡೀರಿ," ಅಂದರು. ಮನೆಯ ಹತ್ತಿರ ಇಳಿಸಿ, "ಭಾನ್ವಾರ ಮಾಗಡಿಗೆ ಒಂಬತ್ತಕ್ಕೇ ಬತ್ತೀನಿ, ರೆಡಿ ಇರಿ," ಎಂದು ಹೇಳಿ ಹೋದರು.

ಗುರುವಾರ ಶಾಲೆಯಲ್ಲಿದ್ದಾಗ ಬಳಗದ ಕಾರ್ಯದರ್ಶಿ ಫೋನು ಮಾಡಿದರು. ನಮಾಜಿಗೆಂದು ಹೊರಟ ಸಾಬ್ರು ಮನೆಯ ಬಾಗಿಲಲ್ಲೇ ಕುಸಿದರಂತೆ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತಂತೆ. ನಾನು ಹೌದಾ ಅಂದೆ. ಆಮೇಲೆ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯದೆ ವಿಧಿಯಿಲ್ಲ: "ಹಾಗಾದರೆ ಭಾನುವಾರದ ಮೈಕು ಯಾರದು?" ಕಾರ್ಯದರ್ಶಿ ನೋಡೋಣ ಮೇಡಂ ಅಂದರು. ನಾನು ತರಗತಿಗೆ ಹೋಗಿ ಮಗ್ಗಿ ಹೇಳಿಸಿದೆ. ಮನೆಗೆ ಬಂದು ಅನ್ನ ಮಾಡಿಕೊಂಡು ಉಂಡೆ. ನನ್ನಂಥವಳಿಗೆ ನಾಚಿಕೆಯಾಗಬೇಕು ಎಂದು ಲೆಕ್ಕಕ್ಕೆ ಗೊತ್ತಿತ್ತು, ಆಗಲಿಲ್ಲ ಅಷ್ಟೆ.

ಹದಿನೈದು ದಿನ ಬಿಟ್ಟು ಚನ್ನಪಟ್ಟಣದಲ್ಲಿ ಅವರಿಗಾಗಿ ಒಂದು ಸಭೆ ಮಾಡಿದರು. ಅವರ ಮನೆಯವರು, ಗೊಂಬೆ ಕೆಲಸದ ಹಳೇ ಜೊತೆಗಾರರು, ಅವರ ಮೈಕಿನಲ್ಲಿ ಮಾತಾಡಿದ್ದ ನಾವು ಕೆಲವರು. ಯಾರೋ ಹೊಸಬ ಮೈಕಿನವನು 'ಹಲೋ ಹಲೋ ಮೈಕ್ ಟೆಸ್ಟಿಂಗ್' ಎಂದು ಬೆರಳಲ್ಲಿ ತಟ್ಟಿದ. ಬೆಳಿಗ್ಗೆ ಏನು ತಿಂದಿರಿ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಚೆನ್ನಾಗಿ ಮಾತಾಡುತ್ತೀರಿ, ನೀವೇ ಮಾತಾಡಬೇಕು ಎಂದರು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತಿದೆ. ಅವರ ಕಿವಿ, ಗೋಡೆ, ಉಪ್ಪಿಟ್ಟು, ಎಲ್ಲವನ್ನೂ ಹೇಳಿದೆ. 'ಭಾನ್ವಾರ ಬತ್ತೀನಿ ಅಂದು ಹೋದರು' ಎಂಬಲ್ಲಿ ನಿಲ್ಲಿಸಿದೆ. ಒಂದು, ಎರಡು, ಮೂರು. ಅವರ ಹೆಂಡತಿ ಮುಖ ಮುಚ್ಚಿಕೊಂಡು ಅತ್ತರು. ಆ ಫ್ಯಾನಿಗೆ ಮೂರೇ ರೆಕ್ಕೆ.

ಮಾತು ಮುಗಿಸಿ ಇಳಿದು, ಬರಿಗಾಲಲ್ಲಿ ಕುರ್ಚಿಗಳ ನಡುವೆ ನಡೆದುಕೊಂಡು ಕೊನೇ ಸಾಲಿಗೆ ಹೋದೆ. ಬಗ್ಗಿ ಆಂಪ್ಲಿಫೈಯರ್ ಮೇಜಿನ ಕೆಳಗೆ ನೋಡಿದೆ. ವೈರುಗಳಿದ್ದವು.

"ಏನ್ ಮೇಡಂ, ಏನಾದ್ರೂ ಬೀಳುಸ್ಕೊಂಡ್ರಾ?" ಹೊಸ ಮೈಕಿನವನು ಕೇಳಿದ.

"ನನ್ನ ಚಪ್ಪಲಿ."

"ಅಗೋ, ಮೆಟ್ಲತ್ರಾನೇ ಅವಲ್ಲ. ಅದನ್ನ ಯಾರ್ ಮುಟ್ತಾರೆ ಮೇಡಂ."

ಹೌದು, ಅಲ್ಲೇ ಇದ್ದವು, ನಾನು ಬಿಟ್ಟಲ್ಲೇ, ಒಂದರ ಮೇಲೊಂದು ಹತ್ತಿಕೊಂಡು. ಅಕ್ಕ ನನ್ನನ್ನು ಕೇಳಿದ್ದು ಒಂದೇ ಕೆಲಸ. ನಾನು ಅದನ್ನು ಪುಟ ಮಾಡಿಕೊಂಡು ಊರೂರಿಗೆ ಓದಿದೆ. ಓದಿದ್ದನ್ನು ಗೋಡೆ ನೋಡುತ್ತ ಕೇಳಿಸಿಕೊಂಡವರು ಪ್ರತಿ ಸಲವೂ ಎದ್ದು ಬಂದು ಆ ಕೆಲಸವನ್ನು ಮಾಡಿದ್ದರು.

ಅಲ್ಲೇ ಕಟ್ಟಕಡೆಯ ಕುರ್ಚಿಯಲ್ಲಿ ಕೂತೆ. ಬೆಳಿಗ್ಗೆ ಏನು ತಿಂದಿದ್ದೆ ಎಂಬುದನ್ನು ಒಮ್ಮೆ ಬಾಯಿಬಿಟ್ಟು ಹೇಳೋಣ ಎಂದುಕೊಂಡೆ. ಚಿತ್ರಾನ್ನ, ಅಷ್ಟೇ. ಗಂಟಲು ಹೊರಡಲಿಲ್ಲ.