ಅತ್ತೆಯ ಫೋನಿಗೆ ಬಂದ ಕಿವಿ ಮಷಿನ್

ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದುದು ಸೆಟ್ಟಿಂಗ್ಸಮ್ಮ ಎಂದು. ಬಸ್ ನಿಲ್ದಾಣದ ಎದುರು ಮಹಡಿಯ ಮೇಲೆ ಆಕೆಯ ಫೋಟೊ ಸ್ಟುಡಿಯೊ ಇತ್ತು. ಒಂದು ಗೋಡೆಗೆ ಬಿಳಿ ಪರದೆ, ಅದರ ಮುಂದೆ ತಿರುಗುವ ಸ್ಟೂಲು, ಮೂಲೆಯಲ್ಲಿ ಸ್ವಲ್ಪ ಬಿಸಿಯಾದರೂ ಮುನಿಸಿಕೊಳ್ಳುವ ಪ್ರಿಂಟರು. ಫೋಟೊ ತೆಗೆಸಿಕೊಳ್ಳುವವರಿಗಿಂತ ಫೋನಿನಲ್ಲಿದ್ದ ಚಿತ್ರಗಳನ್ನು ಪ್ರಿಂಟ್ ಹಾಕಿಸಲು ಬರುವವರೇ ಹೆಚ್ಚು. ಚಿತ್ರ ಹೊರಬರುವಷ್ಟರಲ್ಲಿ ಆಕೆ ಗಿರಾಕಿಯನ್ನು ಕೂರಿಸಿ, ಅವರ ಕೈಯಿಂದಲೇ ಫೋನಿನ ಸೆಟ್ಟಿಂಗ್ಸ್ ತೆರೆಸುತ್ತಿದ್ದಳು. ಟಾರ್ಚ್ ಆ್ಯಪಿಗೆ ನಿಮ್ಮ ನೆಂಟರಿಷ್ಟರ ನಂಬರೆಲ್ಲ ಯಾಕೆ ಬೇಕು, ಹವಾಮಾನ ಹೇಳುವವನಿಗೆ ಮೈಕು ಯಾಕೆ ಬೇಕು ಎಂದು ಕೇಳುತ್ತಿದ್ದಳು. ಬಂದವರು ಫೋಟೊದ ಜೊತೆಗೆ ಒಂದಿಷ್ಟು ದಿಗಿಲನ್ನೂ ಕಟ್ಟಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದರು.

ಹಾಗೆಂದು ಆಕೆಗೆ ಫೋನೆಂದರೆ ಆಗದು ಎಂದಲ್ಲ, ಪ್ರಾಣ. ಹೊಸ ಮಾಡೆಲ್ ಬಂದರೆ ಅಂಗಡಿಗೆ ಹೋಗಿ, ಕೈಯಲ್ಲಿ ತೂಗಿ ನೋಡಿ, ಕ್ಯಾಮೆರಾದಲ್ಲಿ ಅಂಗಡಿಯವನ ಮುಖವನ್ನೇ ನಾಲ್ಕು ಬೆಳಕಿನಲ್ಲಿ ತೆಗೆದು, ಕೊಳ್ಳದೆ ವಾಪಸು ಬರುತ್ತಿದ್ದಳು. ಅಪ್‌ಡೇಟ್ ಬಂದರೆ ಸಣ್ಣಕ್ಷರದಲ್ಲಿ ಬರೆದದ್ದನ್ನೆಲ್ಲ ಓದಿಯೇ ಹಾಕಿಕೊಳ್ಳುವುದು. ಪುಕ್ಕಟೆಯಾಗಿ ಫೋಟೊ ಇಟ್ಟುಕೊಡುತ್ತೇವೆ ಎನ್ನುವ ಸೇವೆಗಳು ಆಕೆಯ ಮಟ್ಟಿಗೆ ಬೇರೆಯವರ ಮನೆಯ ಅಟ್ಟ. ನಮ್ಮ ಸಾಮಾನು ಅಲ್ಲಿಟ್ಟ ಮೇಲೆ ಅವರು ಮುಟ್ಟಿ ನೋಡುವುದಿಲ್ಲ ಎಂದು ಯಾವ ಧೈರ್ಯದಲ್ಲಿ ಹೇಳುತ್ತೀರಿ ಎನ್ನುವಳು.

ಮನೆಯಲ್ಲಿ ಇದ್ದವರು ಮೂವರೇ: ಆಕೆ, ಮುದ್ರಣಾಲಯದಲ್ಲಿ ದೊಡ್ಡ ಮಷಿನ್ ಓಡಿಸುವ ಗಂಡ, ಮತ್ತು ಗಂಡನ ತಾಯಿ. ಅತ್ತೆಗೆ ವಯಸ್ಸಾಗಿದ್ದರೂ ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ಯಾವ ಚಮಚ ಎಂದು ಹೇಳಬಲ್ಲಷ್ಟು ಕಿವಿ ಚುರುಕು. ಅವರ ಫೋನನ್ನು ಸೊಸೆಯೇ ಕಟ್ಟುನಿಟ್ಟಾಗಿ ಹೊಂದಿಸಿಕೊಟ್ಟಿದ್ದಳು. ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ ಸಿಟ್ಟಿನಿಂದ ಅಡುಗೆಮನೆಗೆ ಬಂದರು.

"ನೋಡಮ್ಮ, ಇದು ನನ್ನನ್ನ ಕಿವುಡಿ ಅಂತಿದೆ."

ಪರದೆಯ ತುಂಬ ಕಿವಿ ಮಷಿನ್‌ನ ಜಾಹೀರಾತು. ಕಣ್ಣಿಗೆ ಕಾಣದಷ್ಟು ಚಿಕ್ಕದು, ಈಗಲೇ ಪರೀಕ್ಷೆಗೆ ಬನ್ನಿ ಎಂದು ಬರೆದಿತ್ತು. ಸಂಜೆಯಾಗುವಷ್ಟರಲ್ಲಿ ಅದೇ ಜಾಹೀರಾತು ಸೆಟ್ಟಿಂಗ್ಸಮ್ಮನ ಫೋನಿನಲ್ಲೂ ತಲೆ ಹಾಕಿತು. ಫೋನು ಮನೆಯ ಮಾತು ಕದ್ದು ಕೇಳುತ್ತಿದೆ ಎಂಬ ಅನುಮಾನ ಆಕೆಗೆ ಬಹಳ ಕಾಲದಿಂದ ಇತ್ತು. ಈಗ ಪರೀಕ್ಷಿಸಿಯೇ ಬಿಡೋಣ ಎಂದುಕೊಂಡಳು.

ಮನೆಯಲ್ಲಿ ಯಾರಿಗೂ ಎಂದೂ ಬೇಕಾಗದ ವಸ್ತು ಕುದುರೆಯ ಜೀನು. ಅತ್ತೆ ಸೊಸೆ ಇಬ್ಬರೂ ಫೋನುಗಳನ್ನು ಮೇಜಿನ ಮೇಲಿಟ್ಟು, ಕೆಲಸ ಮುಗಿದಾಗಲೆಲ್ಲ ಜೀನಿನ ವಿಷಯ ಮಾತಾಡತೊಡಗಿದರು. ಎರಡೇ ದಿನಕ್ಕೆ ಸೊಸೆಗೆ ಬೇಸರ ಬಂತು. ಅತ್ತೆಗೆ ಮಾತ್ರ ರುಚಿ ಹತ್ತಿಬಿಟ್ಟಿತು; ಕುದುರೆಯ ಬಣ್ಣ, ಅದರ ಸಿಡುಕು, ಅದನ್ನು ಕಟ್ಟಲು ಜಾಗವಿಲ್ಲದ್ದು ಎಲ್ಲವನ್ನೂ ಫೋನಿನ ಹತ್ತಿರ ಬಾಗಿ ವಿವರವಾಗಿ ಹೇಳಿದರು. ವಾರ ಕಳೆದರೂ ಒಂದು ಜೀನಿನ ಜಾಹೀರಾತೂ ಬರಲಿಲ್ಲ. ಕಿವಿ ಮಷಿನ್ ಮಾತ್ರ ಬೆನ್ನು ಬಿಡಲಿಲ್ಲ.

ಹಾಗಾದರೆ ಇದು ಮಾತು ಕೇಳಿ ಬಂದದ್ದಲ್ಲ. ಒಂದೇ ವೈಫೈ ಬಳಸುವ ಮನೆಯಲ್ಲಿ ಒಬ್ಬರು ಹುಡುಕಿದ್ದು ಉಳಿದವರ ಫೋನಿಗೂ ಹಬ್ಬುವುದುಂಟು ಎಂದು ಆಕೆ ಓದಿದ್ದಳು. ತಾನು ಹುಡುಕಿಲ್ಲ. ಅತ್ತೆಗೆ ಹುಡುಕಲು ಬಾರದು. ಉಳಿದವನು ಒಬ್ಬನೇ.

ಆಗ ಅನುಮಾನ ಫೋನನ್ನು ಬಿಟ್ಟು ಗಂಡನ ಮೇಲೆ ಹೊರಳಿತು. ಈಚೆಗೆ ಅವನು ಫೋನನ್ನು ಬೋರಲು ಹಾಕಿ ಇಡುತ್ತಿದ್ದ. ಕರೆ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಏನು ಹೇಳಿದರೂ ಒಂದು ಹೂಂ. ಆಮೇಲೆ ಕೇಳಿದರೆ ನೀನು ಹೇಳಲೇ ಇಲ್ಲವಲ್ಲ ಎನ್ನುತ್ತಿದ್ದ. ತನ್ನ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ಆಕೆ ಎಷ್ಟೋ ಸಲ ಜಗಳ ತೆಗೆದಿದ್ದಳು. ಅವನ ಮನಸ್ಸು ಬೇರೆಲ್ಲೋ ಇದೆ ಎಂಬ ಕೆಟ್ಟ ಯೋಚನೆಯೂ ಬಂದು ಹೋಗಿತ್ತು.

ಅವನು ಸ್ನಾನಕ್ಕೆ ಹೋಗಿದ್ದಾಗ ಫೋನು ಹಾಸಿಗೆಯ ಮೇಲಿತ್ತು. ಅದರ ಲಾಕ್ ತೆಗೆಯುವುದು ಆಕೆಗೆ ಗೊತ್ತಿತ್ತು. ಕೈಗೆತ್ತಿಕೊಂಡಳು. ಊರಿನವರಿಗೆಲ್ಲ ಇನ್ನೊಬ್ಬರ ಫೋನು ಇಣುಕಬಾರದೆಂದು ಪಾಠ ಹೇಳುವವಳು ತಾನು ಎಂಬುದು ನೆನಪಾಗಿ ಮುಖ ಬಿಸಿಯಾಯಿತು. ಇದ್ದ ಹಾಗೇ ಬೋರಲು ಇಟ್ಟುಬಿಟ್ಟಳು.

ಭಾನುವಾರ ಗಂಡ ಕಿಟಕಿಯ ಕಡೆ ಮುಖ ಮಾಡಿ ಕುಳಿತು ಶೂಗೆ ಪಾಲಿಶ್ ಹಾಕುತ್ತಿದ್ದ. ಆಕೆ ಬಾಗಿಲಲ್ಲಿ ನಿಂತು ಮಾಮೂಲಿ ದನಿಯಲ್ಲಿ ಹೇಳಿದಳು.

"ರೀ, ನಿಮ್ಮ ಅಂಗಿ ಮೇಲೆ ಜೇಡ ಹತ್ತಿದೆ."

ಜೇಡ ಎಂದರೆ ಮಂಚ ಹತ್ತುವ ಮನುಷ್ಯ ಅವನು. ಬ್ರಷ್ ಮಾತ್ರ ಹಿಂದಕ್ಕೂ ಮುಂದಕ್ಕೂ ಆಡುತ್ತಲೇ ಇತ್ತು. ಆಕೆ ಎರಡು ಹೆಜ್ಜೆ ಮುಂದೆ ಬಂದು ಇನ್ನೊಮ್ಮೆ ಹೇಳಿದಳು. ಅವನು ತಿರುಗಲಿಲ್ಲ. ಇಷ್ಟು ದಿನ ಆಡಿದ ಜಗಳಗಳೆಲ್ಲ ಆಕೆಗೆ ಒಟ್ಟಿಗೆ ನೆನಪಾದವು.

ಎದುರಿಗೆ ಬಂದು ಕುಳಿತು, ಅವನಿಗೆ ತನ್ನ ತುಟಿ ಕಾಣುವಂತೆ ಕೇಳಿದಳು.

"ಯಾವಾಗಿಂದ ಹೀಗಾಗಿದೆ?"

ಅವನು ಏನು ಎಂದು ಕೇಳಲಿಲ್ಲ. ಶೂ ಕೆಳಗಿಟ್ಟ. ಮಷಿನ್ ಪಕ್ಕದಲ್ಲೇ ಇಷ್ಟು ವರ್ಷ ನಿಂತದ್ದಕ್ಕೆ ಇರಬೇಕು ಎಂದ. ಮೊದಲು ಫೋನಿನ ಮಾತು ಮಸುಕಾಯಿತಂತೆ. ಅದಕ್ಕೇ ಸ್ಪೀಕರ್ ಹಾಕಿಕೊಂಡು ಮಾತಾಡಲು ಹಿತ್ತಲಿಗೆ ಹೋಗುತ್ತಿದ್ದನಂತೆ. ಮುದ್ರಣಾಲಯದಲ್ಲಿ ತಿಳಿದರೆ ಮಷಿನ್ ಬಿಡಿಸುತ್ತಾರೆ ಎಂಬ ಭಯ ಬೇರೆ.

"ನನಗ್ಯಾಕೆ ಹೇಳ್ಲಿಲ್ಲ?"

"ನಂಗೇ ನಾನು ಹೇಳ್ಕೊಂಡಿರ್ಲಿಲ್ಲ. ಅದಕ್ಕೇ ಮೊದಲು ಫೋನನ್ನ ಕೇಳ್ದೆ. ಅದು ಯಾರಿಗೂ ಹೇಳಲ್ಲ ಅಂದ್ಕೊಂಡೆ."

ಆಕೆಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಯಾರಿಗೂ ಹೇಳುವುದಿಲ್ಲ ಎಂದು ಇವನು ನಂಬಿದ್ದ ಫೋನು ಇವನ ತಾಯಿಗೇ ಹೋಗಿ ಹೇಳಿಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ ಸಂಗತಿ ಇನ್ನೊಂದಿತ್ತು. ಗಂಡನ ಕಿವಿ ಮಂದವಾದದ್ದು ಮೊದಲು ತಿಳಿದದ್ದು ಎಲ್ಲೋ ಕುಳಿತ ಯಾವುದೋ ಕಂಪನಿಗೆ, ಹೆಂಡತಿಗೆ ಅಲ್ಲ.

ಪರೀಕ್ಷೆಗೆ ಇಬ್ಬರೂ ಒಟ್ಟಿಗೆ ಹೋದರು. ಕಿವಿ ಪರೀಕ್ಷಿಸಿದ ಯುವತಿ ಒಂದು ಸಣ್ಣ ಮಷಿನ್ ತೋರಿಸಿ, ಇದನ್ನು ಫೋನಿಗೆ ಜೋಡಿಸಿ ಆ್ಯಪಿನಲ್ಲೇ ಶಬ್ದ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು ಎಂದಳು. ಸೆಟ್ಟಿಂಗ್ಸಮ್ಮ ಅಲ್ಲೇ ಆ್ಯಪ್ ಹುಡುಕಿ, ಅದು ಕೇಳುವ ಅನುಮತಿಗಳನ್ನೆಲ್ಲ ಓದತೊಡಗಿದಳು. ಹೊರಗೆ ಸರದಿ ಬೆಳೆಯುತ್ತಿತ್ತು.

"ಇವರಿಗೆ ಕೇಳಿಸಬೇಕಾದ್ರೆ, ಇವರು ಎಲ್ಲೆಲ್ಲಿ ಓಡಾಡ್ತಾರೆ ಅಂತ ಅದಕ್ಕೆ ಗೊತ್ತಾಗಬೇಕಾ?"

ಮಷಿನ್ ಕಳೆದುಹೋದರೆ ಹುಡುಕಲು ಅನುಕೂಲ ಎಂದಳು ಯುವತಿ. ಬೇಡವೆಂದರೆ ಮಷಿನ್‌ನಲ್ಲೇ ಗುಂಡಿ ಇದೆ, ಆ್ಯಪ್ ಇಲ್ಲದೆಯೂ ನಡೆಯುತ್ತದೆ ಎಂದಳು. ಗುಂಡಿಯೇ ಸಾಕು ಎಂದು ಗಂಡ ಹೇಳಿದ. ಹೆಂಡತಿ ಮತ್ತೆ ಬಾಯಿ ತೆರೆಯುವ ಮೊದಲೇ ಹೇಳಿದ.

ಮುದ್ರಣಾಲಯದ ಯಜಮಾನನಿಗೂ ಅವನೇ ಹೋಗಿ ತಿಳಿಸಿದ. ದೊಡ್ಡ ಮಷಿನ್ ಬಿಡಿಸಿಯೇ ಬಿಟ್ಟರು. ಕಾಗದ ಕತ್ತರಿಸುವ, ಶಬ್ದ ಕಡಿಮೆ ಇರುವ ಕೋಣೆಗೆ ಹಾಕಿದರು. ಕೆಲವು ತಿಂಗಳು ಅವನು ಮುಖ ಸಣ್ಣದು ಮಾಡಿಕೊಂಡೇ ಇದ್ದ. ಆಮೇಲೆ ಒಗ್ಗಿತು. ಅವನ ಬದಲಿಗೆ ಮಷಿನ್ ಹಿಡಿದವನು ಈಗ ಕಿವಿಗೆ ಶಬ್ದ ತಡೆಯುವ ಮುಚ್ಚಳ ಹಾಕಿಕೊಂಡೇ ಕೆಲಸ ಮಾಡುತ್ತಾನೆ. ಅದನ್ನು ಜಗಳವಾಡಿ ಕೊಡಿಸಿದವನು ಇವನೇ.

ಕಿವಿ ಮಷಿನ್ ಕೊಂಡ ಮೇಲೂ ಜಾಹೀರಾತು ನಿಲ್ಲಲಿಲ್ಲ. ಕೊಂಡದ್ದು ಜಾಹೀರಾತಿನವರಿಗೆ ತಿಳಿಯಲಿಲ್ಲವಲ್ಲ, ಅದೊಂದು ಗುಟ್ಟಾದರೂ ಉಳಿಯಿತೆಂದು ಸೆಟ್ಟಿಂಗ್ಸಮ್ಮ ಸ್ವಲ್ಪ ದಿನ ಸಂತೋಷಪಟ್ಟಳು. ಆಮೇಲೆ ಆ ಮಷಿನ್‌ಗೆ ಹಾಕುವ ಪುಟ್ಟ ಬ್ಯಾಟರಿಯ ಜಾಹೀರಾತು ಶುರುವಾಯಿತು. ಅದು ಹೇಗೆ ಬಂತೆಂದು ಆಕೆಗೆ ಇನ್ನೂ ಗೊತ್ತಾಗಿಲ್ಲ. ಅತ್ತೆಯ ಮೇಲೆ ಸಣ್ಣ ಅನುಮಾನವಿದೆ. ಅವರು ಈಚೆಗೆ ಫೋನಿನ ಜೊತೆ ಒಬ್ಬರೇ ಕುಳಿತು ಏನೋ ಮಾತಾಡುತ್ತಿರುತ್ತಾರೆ, ಸೊಸೆ ಬಂದ ಕೂಡಲೇ ಸುಮ್ಮನಾಗುತ್ತಾರೆ.